ಪ್ಲೂಟೊ ಮತ್ತು ಅದರ ಜೊತೆಗಾರ ಶಾರನ್

ಗ್ರಹಗಳು ಎಷ್ಟು ಎಂದು ಮನೆಯ ಹಿರಿಯರನ್ನು ಕೇಳಿ ನೋಡಿ. ಶಾಲೆಯಲ್ಲಿ ಕಲಿತಂತೆ ಒಂಬತ್ತು ಎನ್ನುವರು. ನಿಮ್ಮ ಪುಸ್ತಕದಲ್ಲಿ ಎಂಟು ಎಂದಿದೆ. ಈ ಒಂದರ ವ್ಯತ್ಯಾಸಕ್ಕೂ ಒಂದು ಇತಿಹಾಸವಿದೆ.

1930ರ ಫೆಬ್ರವರಿ 18ರಂದು ಅಮೆರಿಕದ ಲೊವೆಲ್ ವೀಕ್ಷಣಾಲಯದಲ್ಲಿ ಕ್ಲೈಡ್ ಟಾಂಬೊ ಪ್ಲೂಟೊವನ್ನು ಕಂಡುಹಿಡಿದರು. ಅವರು ರೈತನ ಮಗ, ವಯಸ್ಸು 24, ಆಗಿನ್ನೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಬೇರೆ ಬೇರೆ ರಾತ್ರಿ ತೆಗೆದ ಆಕಾಶದ ಚಿತ್ರಗಳನ್ನು ಹೋಲಿಸಿ, ಜಾಗ ಬದಲಿಸಿದ್ದ ಒಂದು ಚುಕ್ಕೆಯನ್ನು ಗುರುತಿಸಿದರು. ಹೆಸರು ಸೂಚಿಸಿದವಳು ಇಂಗ್ಲೆಂಡಿನ 11 ವರ್ಷದ ಬಾಲಕಿ ವೆನೀಷಿಯಾ ಬರ್ನಿ.

ಪ್ಲೂಟೊ ಭೂಮಿಯಷ್ಟೇ ಭಾರವಿರಬಹುದೆಂದು ಆಗ ಊಹಿಸಲಾಗಿತ್ತು. ಆದರೆ ತೂಗುವುದು ಹೇಗೆ? ಉಪಗ್ರಹವಿದ್ದರೆ ಅದರ ದೂರ ಮತ್ತು ಸುತ್ತುವ ಅವಧಿಯಿಂದ ಲೆಕ್ಕ ಹಾಕಬಹುದು. ಪ್ಲೂಟೊಗೆ ಉಪಗ್ರಹವೇ ಕಂಡಿರಲಿಲ್ಲ.

1978ರ ಜೂನ್ 22ರಂದು ಅಮೆರಿಕದ ನೌಕಾ ವೀಕ್ಷಣಾಲಯದ ಜೇಮ್ಸ್ ಕ್ರಿಸ್ಟಿ, ಚಿತ್ರಗಳಲ್ಲಿ ಪ್ಲೂಟೊದ ಒಂದು ಬದಿ ಸ್ವಲ್ಪ ಉಬ್ಬಿರುವುದನ್ನು ಕಂಡರು. ಪಕ್ಕದ ನಕ್ಷತ್ರಗಳು ಉಬ್ಬಿರಲಿಲ್ಲ. ಆದ್ದರಿಂದ ಅದು ಚಿತ್ರದ ದೋಷವಲ್ಲ. ಹಳೆಯ ಚಿತ್ರಗಳನ್ನು ತೆಗೆದು ನೋಡಿದರೆ ಅಲ್ಲೂ ಉಬ್ಬು! ಅದು ಸುಮಾರು 6.4 ದಿನಕ್ಕೊಮ್ಮೆ ಪ್ಲೂಟೊವನ್ನು ಸುತ್ತುತ್ತಿತ್ತು. ಅದೇ ಶಾರನ್. ಲೆಕ್ಕ ಹಾಕಿದಾಗ ಪ್ಲೂಟೊದ ತೂಕ ಭೂಮಿಯ ನಾನೂರರಲ್ಲಿ ಒಂದು ಪಾಲೂ ಇಲ್ಲವೆಂದು ತಿಳಿಯಿತು.

ಪ್ಲೂಟೊದ ವ್ಯಾಸ ಸುಮಾರು 2,376 ಕಿ.ಮೀ., ಶಾರನ್‌ನದು 1,212 ಕಿ.ಮೀ. ಇಬ್ಬರು ಮಕ್ಕಳು ಕೈ ಹಿಡಿದು ಗಿರಗಿರನೆ ತಿರುಗುವಂತೆ ಇವೆರಡೂ ಸದಾ ಮುಖಾಮುಖಿಯಾಗಿ ಸುತ್ತುತ್ತವೆ. ಹೀಗಾಗಿ ಶಾರನ್ ಪ್ಲೂಟೊದ ಆಕಾಶದಲ್ಲಿ ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ.

ಇಂತಹ ಸೂಕ್ಷ್ಮ ವೀಕ್ಷಣೆಯಲ್ಲಿ ನಮ್ಮವರೂ ಹಿಂದೆ ಬಿದ್ದಿಲ್ಲ. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರವನ್ನು ಮರೆಮಾಡಿದಾಗ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ತಮಿಳುನಾಡಿನ ಕಾವಲೂರಿನಿಂದ ಅದನ್ನು ದಾಖಲಿಸಿದರು. ಯುರೇನಸ್‌ಗೆ ಉಂಗುರಗಳಿರುವುದು ತಿಳಿದದ್ದು ಆ ದಿನದ ವೀಕ್ಷಣೆಗಳಿಂದ. 1988ರ ಜೂನ್ 9ರಂದು ಇದೇ ವಿಧಾನದಿಂದ ಪ್ಲೂಟೊಗೆ ತೆಳುವಾದ ವಾತಾವರಣವಿರುವುದು ಖಚಿತವಾಯಿತು.

1992ರಿಂದ ನೆಪ್ಚೂನಿನಾಚೆ ಇಂತಹ ಹಿಮಕಾಯಗಳು ಒಂದೊಂದಾಗಿ ಸಿಕ್ಕವು. ಎಲ್ಲವನ್ನೂ ಗ್ರಹವೆನ್ನಲು ಸಾಧ್ಯವೇ? 2006ರ ಆಗಸ್ಟ್ 24ರಂದು ಪ್ರಾಗ್ ನಗರದಲ್ಲಿ ಖಗೋಳ ವಿಜ್ಞಾನಿಗಳ ಅಂತಾರಾಷ್ಟ್ರೀಯ ಒಕ್ಕೂಟವು ಪ್ಲೂಟೊವನ್ನು ಕುಬ್ಜ ಗ್ರಹವೆಂದು ವರ್ಗೀಕರಿಸಿತು. 2015ರ ಜುಲೈ 14ರಂದು ನ್ಯೂ ಹೊರೈಜನ್ಸ್ ನೌಕೆ ಅದರ ಬಳಿ ಹಾದು, ಹಿಮದ ಬೆಟ್ಟಗಳ ಚಿತ್ರ ಕಳಿಸಿತು.

ಮಕ್ಕಳೇ, ಹಿರಿಯರು ಒಂಬತ್ತು ಎಂದರೆ ನಗಬೇಡಿ. ಅವರ ಕಾಲದ ಪುಸ್ತಕದಲ್ಲಿ ಅದೇ ಸರಿಯುತ್ತರ. ನಾಳೆ ನಿಮ್ಮ ಪುಸ್ತಕವೂ ಬದಲಾಗಬಹುದು. ಅದನ್ನು ಬದಲಿಸುವವರು ನಮ್ಮ ಗಾಂಧಿನಗರದವರೇ ಏಕೆ ಆಗಬಾರದು? ಉತ್ತರವನ್ನು ಬಾಯಿಪಾಠ ಮಾಡಿ. ಜೊತೆಗೆ ಅದು ಹೇಗೆ ತಿಳಿಯಿತೆಂದೂ ಕೇಳಿ.