ಮಡಕೆಯಿಂದ ಚೌಕಟ್ಟಿಗೆ: ಕೊಡಗು–ದಕ್ಷಿಣ ಕನ್ನಡದ ಮನೆಗೂಡಿನ ಜೇನು ಸಾಕಣೆ

1

ಕನ್ನಡದಲ್ಲಿ 'ಜೇನು' ಎಂಬ ಒಂದೇ ಶಬ್ದ ಹುಳಕ್ಕೂ ಅದು ಕೂಡಿಡುವ ರಸಕ್ಕೂ ಸಲ್ಲುತ್ತದೆ. ತಮಿಳಿನ 'ತೇನ್', ತೆಲುಗಿನ 'ತೇನೆ' ಇದರ ಜ್ಞಾತಿಪದಗಳು. ಆದರೆ ತಮಿಳು ನೊಣವನ್ನು 'ತೇನೀ' ಎಂದು ಬೇರೆಯಾಗಿ ಹೆಸರಿಸುತ್ತದೆ. ಈ ಶಬ್ದದೊಡನೆ ಕೂಡಿಬರುವ ಕ್ರಿಯಾಪದಗಳನ್ನು ಗಮನಿಸಿದರೆ ಒಂದು ಚರಿತ್ರೆಯೇ ಕಾಣುತ್ತದೆ. ಕಾಡಿನಲ್ಲಿ ಜೇನು 'ಕೀಳುವುದು'. ಮನೆಯ ಹಿತ್ತಿಲಿನಲ್ಲಿ ಜೇನು 'ಸಾಕುವುದು'. ಸಹಕಾರ ಸಂಘಗಳ ಕಾಲಕ್ಕೆ ಬಂದರೆ ಜೇನು 'ವ್ಯವಸಾಯ'. ಕೀಳುವುದರಿಂದ ವ್ಯವಸಾಯದವರೆಗಿನ ಈ ನಡೆಯಲ್ಲಿ ಮನೆಯಲ್ಲಿಯೇ ತಯಾರಾದ ಗೂಡಿನ ಪಾತ್ರವೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಮ್ಮ ಪರಿಶೀಲನೆಯ ಕ್ಷೇತ್ರ ಕೊಡಗು ಮತ್ತು ದಕ್ಷಿಣ ಕನ್ನಡ. ಬ್ರಿಟಿಷರ ಕಾಲದಲ್ಲಿ ಮೊದಲನೆಯದು ಚೀಫ್ ಕಮಿಷನರರ ಆಡಳಿತದಲ್ಲಿಯೂ ಎರಡನೆಯದು ಮದ್ರಾಸ್ ಪ್ರಾಂತದಲ್ಲಿಯೂ ಇದ್ದು, 1956ರಲ್ಲಿ ಎರಡೂ ಮೈಸೂರು ರಾಜ್ಯದಲ್ಲಿ ಸೇರಿದುವು ಎಂಬುದನ್ನು ಹೊರರಾಜ್ಯಗಳ ಸಂಶೋಧಕರು ನೆನಪಿನಲ್ಲಿಡಬೇಕು.

2

ನಾಡಿನ ಜೇನುಗಳಲ್ಲಿ ಹೆಜ್ಜೇನು ಮತ್ತು ಕೋಲುಜೇನು ಬಯಲಿನಲ್ಲಿ ಒಂದೇ ಎರಿಯನ್ನು ಕಟ್ಟುವಂಥವು. ಹಿರಿದಾದ ಜೇನೇ ಹೆಜ್ಜೇನು. ಹಳಗನ್ನಡದ 'ಪೆರ್' ಇಲ್ಲಿ 'ಹೆ' ಆಗಿ ಉಳಿದಿದೆ. ಇವೆರಡೂ ಪೆಟ್ಟಿಗೆಗೆ ಒಗ್ಗುವುದಿಲ್ಲ. ತುಡುವೆ ಜೇನಾದರೋ ಮರದ ಪೊಟರೆ, ಹುತ್ತ, ಕಲ್ಲಿನ ಸಂದುಗಳ ಕತ್ತಲಲ್ಲಿ ಹಲವು ಎರಿಗಳನ್ನು ಸಾಲಾಗಿ ಕಟ್ಟುತ್ತದೆ. ಕತ್ತಲನ್ನೂ ಆಸರೆಯನ್ನೂ ಒದಗಿಸಿದರೆ ಮನೆಯ ಬಳಿಯಲ್ಲಿಯೂ ನಿಲ್ಲುತ್ತದೆ. ಸಾಕಣೆಯ ಚರಿತ್ರೆಯೆಲ್ಲ ಮುಖ್ಯವಾಗಿ ಈ ತುಡುವೆಯ ಚರಿತ್ರೆ.

ಮಣ್ಣಿನ ಮಡಕೆಯ ಒಳಮೈಗೆ ಜೇನುಮೇಣ ಸವರಿ, ಬಾಯಿಯನ್ನು ಮುಚ್ಚಿ, ನೊಣ ಹೋಗಿಬರುವಷ್ಟು ತೂತನ್ನು ಉಳಿಸಿ ನೆರಳಿನಲ್ಲಿಡುವುದು ಹಳೆಯ ಪದ್ಧತಿ. ಟೊಳ್ಳು ಮರದ ತುಂಡಿನ ಎರಡು ತುದಿಗಳನ್ನು ಮುಚ್ಚಿ ಗೂಡು ಮಾಡುವುದು ಇನ್ನೊಂದು. ಖರ್ಚಿಲ್ಲದ, ಕುಂಬಾರನೋ ಮನೆಯವರೋ ಒದಗಿಸಬಲ್ಲ ಇವು ಆಸರೆಯಾಗಿ ಕೊರತೆಯುಳ್ಳವಲ್ಲ. ಕೊರತೆಯಿದ್ದುದು ತುಪ್ಪ ತೆಗೆಯುವ ಹೊತ್ತಿನಲ್ಲಿ. ಎರಿಗಳು ಗೂಡಿನ ಮೈಗೇ ಅಂಟಿರುವುದರಿಂದ ಅವನ್ನು ಕೊಯ್ದು ಹಿಂಡಬೇಕಾಗುತ್ತಿತ್ತು. ತುಪ್ಪದೊಡನೆ ಮೊಟ್ಟೆ ಮರಿಗಳೂ ನಾಶವಾಗುತ್ತಿದ್ದವು. ಕುಟುಂಬ ಗೂಡು ಬಿಟ್ಟು ಹಾರಿಹೋಗುವುದೂ ಸಾಮಾನ್ಯವಾಗಿತ್ತು.

3

ಈ ಹಿಂಡುವಿಕೆಯ ಹಿಂಸೆ ನಮ್ಮ ಪ್ರಾಚೀನರ ಗಮನಕ್ಕೆ ಬಾರದೆ ಹೋಗಿರಲಿಲ್ಲ. ಜೈನ ಶ್ರಾವಕಾಚಾರದ ಅಷ್ಟಮೂಲಗುಣಗಳ ಪ್ರಸಿದ್ಧ ಗಣನೆಯಲ್ಲಿ ಮದ್ಯ, ಮಾಂಸ, ಮಧು ಮತ್ತು ಐದು ಬಗೆಯ ಅತ್ತಿಜಾತಿಯ ಹಣ್ಣುಗಳ ತ್ಯಾಗ ಸೇರಿದೆ. ಅಮೃತಚಂದ್ರಸೂರಿಯ 'ಪುರುಷಾರ್ಥಸಿದ್ಧ್ಯುಪಾಯ'ವು ತಾನಾಗಿ ತೊಟ್ಟಿಕ್ಕಿದ ಜೇನಿನಲ್ಲಿಯೂ ಅದನ್ನಾಶ್ರಯಿಸಿದ ಜೀವಿಗಳ ಹಿಂಸೆಯಿದೆಯೆಂದು ಬಗೆಯುತ್ತದೆ. ಆದ್ದರಿಂದ ಮುಂದೆ ಬಂದ ಚೌಕಟ್ಟಿನ ಗೂಡು ಈ ಆಕ್ಷೇಪವನ್ನು ಪೂರ್ಣವಾಗಿ ಪರಿಹರಿಸಿತೆಂದು ಹೇಳಲಾಗದು. ಮರಿಗಳನ್ನು ಹಿಂಡುವ ಕ್ರೌರ್ಯವನ್ನು ಅದು ತಪ್ಪಿಸಿತು ಎಂದಷ್ಟೇ ಹೇಳುವುದು ಯುಕ್ತ.

4

ಆ ಬದಲಾವಣೆಯ ಮೂಲದಲ್ಲಿರುವುದು ಒಂದು ಅಳತೆ. ನೊಣಗಳು ತಾವು ಓಡಾಡುವುದಕ್ಕೆ ಬೇಕಾದಷ್ಟು ಸಂದನ್ನು ಮಾತ್ರ ತೆರವಾಗಿ ಬಿಡುತ್ತವೆ. ಅದಕ್ಕಿಂತ ಕಿರಿದಾದುದನ್ನು ಅಂಟಿನಿಂದ ಮುಚ್ಚುತ್ತವೆ, ಹಿರಿದಾದುದರಲ್ಲಿ ಎರಿ ಕಟ್ಟುತ್ತವೆ. ಅಮೆರಿಕದ ಪಾದ್ರಿ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಈ ಸಂದಿನ ಮಹತ್ವವನ್ನು ಕಂಡುಕೊಂಡು, ಗೂಡಿನ ಗೋಡೆಗೂ ಚೌಕಟ್ಟಿಗೂ ನಡುವೆ ಅದನ್ನು ಉಳಿಸಿ, ಎತ್ತಿ ಇಳಿಸಬಹುದಾದ ಚೌಕಟ್ಟಿನ ಪೆಟ್ಟಿಗೆಯನ್ನು ರೂಪಿಸಿದನು. 1865ರಲ್ಲಿ ಹ್ರುಷ್ಕ ಎಂಬಾತನು ಎರಿಯನ್ನು ತಿರುಗಿಸಿ ತುಪ್ಪ ತೆಗೆಯುವ ಯಂತ್ರವನ್ನು ಕಂಡುಹಿಡಿದ ಮೇಲೆ ಎರಿಯನ್ನು ಒಡೆಯದೆ ಗೂಡಿಗೆ ಹಿಂದಿರುಗಿಸುವುದು ಸಾಧ್ಯವಾಯಿತು.

ಆದರೆ ಲ್ಯಾಂಗ್‌ಸ್ಟ್ರಾತನ ಪೆಟ್ಟಿಗೆ ಯುರೋಪಿನ ದೊಡ್ಡ ನೊಣದ ಮೈಯಳತೆಯದು. ನಮ್ಮ ತುಡುವೆ ಗಾತ್ರದಲ್ಲಿಯೂ ಕುಟುಂಬದ ಸಂಖ್ಯೆಯಲ್ಲಿಯೂ ಅದಕ್ಕಿಂತ ಚಿಕ್ಕದು. ಈ ವ್ಯತ್ಯಾಸಕ್ಕೆ ದಕ್ಷಿಣದಲ್ಲಿ ಉತ್ತರ ಕೊಟ್ಟವರು ತಿರುಚಿರಾಪಳ್ಳಿಯ ಪಾದ್ರಿ ನ್ಯೂಟನ್. 1910ರ ದಶಕದಲ್ಲಿ ಅವರು ರೂಪಿಸಿದ ಪೆಟ್ಟಿಗೆಯ ಚೌಕಟ್ಟು ಸುಮಾರು 8 ಅಂಗುಲ ಉದ್ದ, ಸುಮಾರು 6 ಅಂಗುಲ ಎತ್ತರದ್ದು. ಸಂಸಾರಕೋಣೆಯಲ್ಲಿ ಅಂಥವು ಏಳು. ಊರಿನ ಬಡಗಿ ಊರಿನ ಮರದಿಂದಲೇ ಮಾಡಬಹುದಾದಷ್ಟು ಸರಳವಾದುದು ಇದು. ಹೀಗೆ ಮನೆಗೂಡಿನ ಪರಂಪರೆಗೆ ಒಂದು ನಿಯತವಾದ ಅಳತೆ ಕೂಡಿಬಂತು.

5

1920ರ ದಶಕದಲ್ಲಿ ಆಗಿನ ತಿರುವಾಂಕೂರಿಗೆ ಸೇರಿದ್ದ ಮಾರ್ತಾಂಡಂನಲ್ಲಿ ಸ್ಪೆನ್ಸರ್ ಹ್ಯಾಚ್ ನಡೆಸಿದ ವೈ.ಎಂ.ಸಿ.ಎ. ಗ್ರಾಮೋದ್ಧಾರ ಕೇಂದ್ರ, 1928ರ ರಾಯಲ್ ಕೃಷಿ ಆಯೋಗದ ವರದಿ, 1934ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಇವು ಈ ಕಸುಬಿಗೆ ಒತ್ತಾಸೆಯಾದುವು. 1930ರ ದಶಕದಲ್ಲಿಯೇ ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ, ಪುತ್ತೂರಿನಲ್ಲಿ ಜೇನು ವ್ಯವಸಾಯಗಾರರ ಸಹಕಾರ ಸಂಘ ಹುಟ್ಟಿಕೊಂಡವು. ಈ ಸಂಘಗಳ ಕೊಡುಗೆಯನ್ನು ಮಾರಾಟದ ದೃಷ್ಟಿಯಿಂದ ಮಾತ್ರ ನೋಡುವುದು ವಾಡಿಕೆ. ನಮ್ಮ ಅಭಿಪ್ರಾಯದಲ್ಲಿ ಅಷ್ಟೇ ಮುಖ್ಯವಾದುದು ಸಮಾನ ಅಳತೆ. ಒಬ್ಬನ ಚೌಕಟ್ಟು ಇನ್ನೊಬ್ಬನ ಪೆಟ್ಟಿಗೆಯಲ್ಲಿ ಕೂಡುವಂತಾದಾಗ ಮರಿಯೆರಿಯನ್ನು ಕೊಟ್ಟು ನೆರೆಯವನ ದುರ್ಬಲ ಕುಟುಂಬವನ್ನು ಉಳಿಸುವುದು, ಒಂದೇ ಯಂತ್ರವನ್ನು ಊರೆಲ್ಲ ಬಳಸುವುದು ಸಾಧ್ಯವಾಯಿತು. ಪರಪರಾಗಸ್ಪರ್ಶವಿಲ್ಲದೆ ಕಾಯಿ ಕಟ್ಟದ ರೊಬಸ್ಟಾ ಕಾಫಿಯ ತೋಟಗಳಿಗೂ ಇದರಿಂದ ಪ್ರಯೋಜನವಾಯಿತು.

6

ಸಮಾನತೆಗೆ ಇನ್ನೊಂದು ಮುಖವೂ ಇದೆ. 1976ರಲ್ಲಿ ಥಾಯ್ಲೆಂಡಿನಲ್ಲಿ ಪತ್ತೆಯಾದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ 1991–92ರ ವೇಳೆಗೆ ದಕ್ಷಿಣ ಭಾರತವನ್ನು ವ್ಯಾಪಿಸಿ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿತು. ಮರಿಗಳು ಕೋಶಾವಸ್ಥೆಗೆ ಹೋಗುವ ಮುನ್ನ ನೀರು ತುಂಬಿದ ಚೀಲದಂತಾಗಿ ಸಾಯುತ್ತವೆ. ಇದಕ್ಕೆ ಔಷಧಿಯಿಲ್ಲ. ರೋಗದ ಮರಿಯಿರುವ ಎರಿಯನ್ನು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ದಾಟಿಸಿದರೆ, ಅಥವಾ ಕುಟುಂಬಗಳನ್ನು ಊರಿಂದೂರಿಗೆ ಸಾಗಿಸಿದರೆ ರೋಗವೂ ಜೊತೆಗೆ ಹೋಗುತ್ತದೆ. ನೆರೆಹೊರೆಯ ಔದಾರ್ಯಕ್ಕೆ ನೆರವಾದ ಅಳತೆಯೇ ಇಲ್ಲಿ ಸೋಂಕಿಗೂ ದಾರಿಯಾಗಬಲ್ಲದಾಯಿತು. ಆ ಬಳಿಕ ಅನೇಕರು 1962ರಲ್ಲಿ ಇಂದಿನ ಹಿಮಾಚಲ ಪ್ರದೇಶದ ನಗ್ರೋಟಾದಲ್ಲಿ ನೆಲೆಗೊಂಡ ಯುರೋಪಿನ ನೊಣದ ಕಡೆಗೆ ತಿರುಗಿದರು. ತುಡುವೆಯನ್ನೇ ನೆಚ್ಚಿದವರಿಗೆ ಆಧಾರವಾದುದು ರೋಗವನ್ನು ತಾಳಿಕೊಂಡು ಉಳಿದ ಕುಟುಂಬಗಳು. ಪೊಟರೆ ಹುತ್ತಗಳನ್ನು ಹುಡುಕಿ ಕುಟುಂಬವನ್ನು ಪೆಟ್ಟಿಗೆಗೆ ತುಂಬುವ ಹಳೆಯ ವಿದ್ಯೆ ಇಂಥ ಕಾಲದಲ್ಲಿಯೇ ಬೆಲೆಯುಳ್ಳದ್ದು.

7

ಈ ಚರಿತ್ರೆಯಿಂದ ಹೊಸಬರಿಗೆ ಸಲ್ಲುವ ಪಾಠ ಮಲೆನಾಡಿಗಷ್ಟೇ ಸೀಮಿತವಲ್ಲ. ತುಡುವೆ ಬಯಲುಸೀಮೆಯಲ್ಲಿಯೂ ಇದೆ. ಅಲ್ಲಿಯದು ಬೆಟ್ಟದ ನೊಣಕ್ಕಿಂತ ಗಾತ್ರದಲ್ಲಿ ಕಿರಿದು. ಚೆನ್ನೈನ ಪೆರುಂಗುಡಿಯಲ್ಲಿ ನೆಲೆಸಿದ ಕನ್ನಡಿಗನೊಬ್ಬ ಹಳೆಯ ಹಲಗೆಗಳಿಂದ ಪೆಟ್ಟಿಗೆ ಮಾಡಹೊರಟರೆ, ಕೊಡಗಿನ ಅಳತೆಯನ್ನು ಹಾಗೆಯೇ ನಕಲು ಮಾಡದೆ, ಆ ಊರಿನ ಸಹಜ ಗೂಡಿನಲ್ಲಿ ಎರಿಯ ನಡುವಿಂದ ಎರಿಯ ನಡುವಿಗೆ ಎಷ್ಟು ಅಂತರವಿದೆಯೆಂದು ಅಳೆಯುವುದು ಮೊದಲ ಕೆಲಸ. ತುಡುವೆಗೆ ಅದು ಸಾಮಾನ್ಯವಾಗಿ 3 ಸೆಂಟಿಮೀಟರಿನ ಆಸುಪಾಸು; ಓಡಾಟದ ಸಂದು ಸುಮಾರು 8 ಮಿಲಿಮೀಟರ್. ಹಲಗೆಯ ಒಳಮೈಗೆ ಬಣ್ಣ ಬಳಿಯಬಾರದು. ಇರುವೆ ಹತ್ತದಂತೆ ಪೀಠದ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಬೇಕು. ತುಪ್ಪವನ್ನು ಮೇಲಿನ ಜೇನುಕೋಣೆಯಿಂದ ಮಾತ್ರ ತೆಗೆದು, ಸಂಸಾರಕೋಣೆಯ ದಾಸ್ತಾನನ್ನು ಮಳೆಗಾಲಕ್ಕೆ ಉಳಿಸಬೇಕು. ಅಪರಿಚಿತ ಗೂಡಿನ ಎರಿಯನ್ನು ಒಳಗೆ ಬಿಟ್ಟುಕೊಳ್ಳಬಾರದು.

ಒಟ್ಟಿನಲ್ಲಿ ಮಡಕೆಯನ್ನು ಅನಾಗರಿಕವೆಂದೂ ಪೆಟ್ಟಿಗೆಯನ್ನು ಆಧುನಿಕವೆಂದೂ ವಿಂಗಡಿಸುವ ವಾಡಿಕೆಯ ಚರಿತ್ರೆ ಮರುಪರಿಶೀಲನೆಗೆ ಅರ್ಹವಾಗಿದೆ. ಮಡಕೆ ಆಸರೆಯನ್ನು ಕೊಟ್ಟಿತು, ಚೌಕಟ್ಟು ಅಳತೆಯನ್ನು ಕೊಟ್ಟಿತು. ಪೊಟರೆಯುಳ್ಳ ಹಳೆಯ ಮರಗಳು ಎರಡಕ್ಕೂ ಬೀಜದ ಕಣಜವಾಗಿ ಉಳಿದಿವೆ. ಅಂಥ ಮರಗಳನ್ನು ಕಡಿದ ಊರಿನಲ್ಲಿ ಎಷ್ಟು ಚೆಂದದ ಪೆಟ್ಟಿಗೆಯಿದ್ದರೂ ಅದು ಬರಿದಾಗಿಯೇ ಇರುತ್ತದೆ.