ಒಳ್ಳೆ ಮೆಣಸಿನ ಕಷಾಯ: ಹಡಗಿನಿಂದ ಅಟ್ಟಕ್ಕೆ

ಕರಿಮೆಣಸಿಗೆ ನಮ್ಮ ಕರಾವಳಿ ಕನ್ನಡದಲ್ಲಿ ‘ಒಳ್ಳೆ ಮೆಣಸು’ ಎನ್ನುತ್ತೇವೆ. ತುಳುವಿನಲ್ಲಿ ‘ಎಡ್ಡೆ ಮುಂಚಿ’, ಮಲಯಾಳದಲ್ಲಿ ‘ನಲ್ಲಮುಳಗ್’. ಮೂರರ ಅರ್ಥವೂ ಒಂದೇ. ಹಾಗಾದರೆ ಇನ್ನೊಂದು ಮೆಣಸು ಯಾವುದು? ಪೋರ್ಚುಗೀಸರು ಬಂದ ಮೇಲೆ ಅಮೆರಿಕ ಖಂಡದಿಂದ ನಮ್ಮಲ್ಲಿಗೆ ತಲುಪಿದ ಕೆಂಪು ಮೆಣಸು. ಹೊಸದು ಬಂದು ಹೆಸರಿನಲ್ಲಿ ಪಾಲು ಕೇಳಿದಾಗ ಹಳೆಯದಕ್ಕೆ ‘ಒಳ್ಳೆ’ ಎಂಬ ಬಿರುದು ಸಿಕ್ಕಿರಬೇಕು.

ಕಾಸರಗೋಡಿನ ನಮ್ಮ ಮನೆಗಳಲ್ಲಿ ಬ್ಯಾರಿಯ ಜೊತೆ ಈ ಮೂರು ಭಾಷೆಗಳೂ ಓಡಾಡುತ್ತವೆ. ಮಳೆಗಾಲದ ಶೀತವಿರಲಿ, ಡಿಸೆಂಬರಿನ ಚಳಿಯಿರಲಿ, ಮೂಗು ಸೋರತೊಡಗಿದರೆ ಉಮ್ಮನ ಮದ್ದು ಒಂದೇ: ಜಜ್ಜಿದ ಒಳ್ಳೆ ಮೆಣಸು, ಒಣಶುಂಠಿ, ಕೊತ್ತಂಬರಿ, ಜೀರಿಗೆ, ಬೆಲ್ಲ ಹಾಕಿ ಕುದಿಸಿದ ಕಷಾಯ. ಈ ಸಾಮಾನುಗಳ ಜಾಡು ಹಿಡಿದು ಹೋದಾಗ ನನಗೆ ಸಿಕ್ಕಿದ್ದು ವೈದ್ಯಕ್ಕಿಂತ ಹೆಚ್ಚಾಗಿ ವ್ಯಾಪಾರದ ಚರಿತ್ರೆ.

12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ಹಲವು ವರ್ಷ ನೆಲೆಸಿದ್ದ. ಇಲ್ಲಿಂದ ಏಡನ್‌ಗೆ ಕರಿಮೆಣಸು, ಕಬ್ಬಿಣ ಕಳುಹಿಸುತ್ತಿದ್ದ. ಅವನ ಪತ್ರಗಳು ಕೈರೋದ ಹಳೆಯ ಯಹೂದಿ ಮಂದಿರವೊಂದರಲ್ಲಿ ಉಳಿದುಕೊಂಡು ನಮ್ಮ ಕಾಲದವರೆಗೆ ಬಂದಿವೆ. 1340ರ ದಶಕದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತ, ‘ಮಂಜರೂರ್’ನಲ್ಲಿ ಪರ್ಷಿಯಾ, ಯಮನ್ ವರ್ತಕರು ಇಳಿಯುತ್ತಾರೆ, ಕರಿಮೆಣಸು ಮತ್ತು ಶುಂಠಿ ಧಾರಾಳವಾಗಿವೆ, ಸುಮಾರು 4,000 ಮುಸ್ಲಿಮರು ಇದ್ದಾರೆ ಎಂದು ಬರೆದಿದ್ದಾರೆ. ಬ್ಯಾರಿ ಎಂಬ ಹೆಸರೇ ತುಳುವಿನ ‘ಬ್ಯಾರ’, ಅಂದರೆ ವ್ಯಾಪಾರದಿಂದ ಬಂತೆಂದು ಹಿರಿಯರು ಹೇಳುತ್ತಾರಲ್ಲ, ಆ ವ್ಯಾಪಾರದ ಬಂದರು ಇದೇ.

ಶುಂಠಿಯ ಹೆಸರೂ ಹಡಗು ಹತ್ತಿದೆ. ಕುರ್‌ಆನಿನ 76ನೇ ಅಧ್ಯಾಯದಲ್ಲಿ ಸ್ವರ್ಗದ ಪಾನೀಯದ ಪ್ರಸ್ತಾಪದಲ್ಲಿ ಬರುವ ‘ಝಂಜಬೀಲ್’ ಶುಂಠಿಯೇ. ಭಾಷಾತಜ್ಞರು ಈ ಪದದ ಬೇರನ್ನು ಹುಡುಕುತ್ತಾ ಭಾರತಕ್ಕೇ ಬರುತ್ತಾರೆ.

ಇನ್ನೊಂದು ಸಂಗತಿ ಗಮನಿಸಿ. ಕಷಾಯಕ್ಕೆ ಬೀಳುವುದೆಲ್ಲ ಒಣ ಸಾಮಾನು. ಕರಿಮೆಣಸು, ಶುಂಠಿಗಳ ಕೊಯ್ಲು ಚಳಿಗಾಲದ ಆಸುಪಾಸಿನಲ್ಲಿ. ಬೇಸಗೆಯ ಬಿಸಿಲಿಗೆ ಒಣಗಿದ್ದು ತಿಂಗಳುಗಟ್ಟಲೆ ಕೆಡುವುದಿಲ್ಲ. ಅದಕ್ಕೇ ಅದು ಹಡಗಿನ ಹೊಟ್ಟೆಯಲ್ಲೂ ಬಾಳಿತು, ಮನೆಯ ಅಟ್ಟದಲ್ಲೂ ಬಾಳಿತು. ಜೂನ್‌ನಿಂದ ಕಡಲು ಮುಚ್ಚಿ, ಮೀನೂ ತರಕಾರಿಯೂ ಅಪರೂಪವಾದ ಆಟಿ ತಿಂಗಳಲ್ಲಿ ಕೈಗೆ ಸಿಗುತ್ತಿದ್ದುದು ಅಟ್ಟದ ಡಬ್ಬಿಯೇ.

ಕೋವಿಡ್ ಬಂದ ಮೇಲೆ ಈ ಕಷಾಯಕ್ಕೆ ‘ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ’ ಎಂಬ ಹೊಸ ಹೆಸರು ಅಂಟಿದೆ. ಇಲ್ಲಿ ಚರಿತ್ರೆ ಸ್ವಲ್ಪ ತಡೆದು ನಿಲ್ಲಿಸುತ್ತದೆ. ಅದೇ ಇಬ್ನ್ ಬತೂತ ಮಧುರೆಯಲ್ಲಿ ಜ್ವರ ಬಿದ್ದು, ಹುಣಿಸೆಹಣ್ಣಿನ ನೀರು ಕುಡಿದು, ಮೂರು ದಿನ ಭೇದಿಯಾಗಿ ಗುಣಮುಖರಾದರು. ಅದೇ ಊರಲ್ಲಿ ಆಗ ಜನ ಸಾಂಕ್ರಾಮಿಕ ರೋಗಕ್ಕೆ ಸಾಲುಸಾಲಾಗಿ ಸಾಯುತ್ತಿದ್ದರು. ಹುಣಿಸೆ ಅವರಿಗೂ ಸಿಗುತ್ತಿತ್ತು. 1918ರ ಇನ್‌ಫ್ಲುಯೆಂಜಾದಲ್ಲಿ ಭಾರತ ಒಂದು ಕೋಟಿಗೂ ಹೆಚ್ಚು ಜನರನ್ನು ಕಳೆದುಕೊಂಡಿತು. ಕರಿಮೆಣಸು ಬೆಳೆಯುವ ನಾಡು ಇದು. ಬದುಕಿ ಉಳಿದವರು ಮದ್ದಿನ ಕಥೆ ಹೇಳುತ್ತಾರೆ, ಹೋದವರ ಕಥೆ ಹೇಳಲು ಯಾರೂ ಇರುವುದಿಲ್ಲ.

ಹಾಗೆಂದು ಕಷಾಯ ಸುಳ್ಳಲ್ಲ. ಬಿಸಿ ನೀರು ಗಂಟಲಿಗೆ ಹಿತ, ಖಾರಕ್ಕೆ ಕಟ್ಟಿದ ಮೂಗು ಸಡಿಲವಾಗುತ್ತದೆ. ಕೆಮ್ಮಿಗೆ ಜೇನು ಸ್ವಲ್ಪ ಆರಾಮ ಕೊಡುತ್ತದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು, ಅರಿಶಿನದ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಪೈಪರಿನ್ ಕೊಟ್ಟರೆ ದೇಹ ಅದನ್ನು ಸುಮಾರು 20 ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆಂದು ತೋರಿಸಿದರು. ಹೀರಿಕೊಳ್ಳುವುದು ಬೇರೆ, ಶೀತ ಬಾರದಂತೆ ತಡೆಯುವುದು ಬೇರೆ. ಪೈಪರಿನ್ ಕೆಲವು ಮಾತ್ರೆಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸಬಲ್ಲದು. ದಿನಾ ಔಷಧ ತೆಗೆದುಕೊಳ್ಳುವವರು ಪೈಪರಿನ್ ಮಾತ್ರೆಗೆ ಅಥವಾ ದಿನವೂ ಗಟ್ಟಿ ಕಷಾಯಕ್ಕೆ ಕೈಹಾಕುವ ಮೊದಲು ವೈದ್ಯರನ್ನು ಕೇಳಲಿ.

ಮನೆಯವರಿಗೆ ಕೆಲವು ಮಾತು. ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬೇಡಿ, ಬೋಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಸಕ್ಕರೆ ಕಾಯಿಲೆಯವರ ಲೋಟಕ್ಕೆ ಬೆಲ್ಲ ಬೇಡ. ವಯಸ್ಸಾದವರಿಗೆ, ಉಬ್ಬಸ ಇರುವವರಿಗೆ ಫ್ಲೂ ಲಸಿಕೆಯ ಬಗ್ಗೆ ಡಾಕ್ಟರರ ಹತ್ತಿರ ವಿಚಾರಿಸಿ. ಉಸಿರು ಕಟ್ಟಿದರೆ ಕಷಾಯ ಕುದಿಯುವವರೆಗೆ ಕಾಯಬೇಡಿ. ಒಳ್ಳೆಯ ನಿದ್ರೆ, ಹೊಟ್ಟೆ ತುಂಬ ಊಟ, ಸಾಬೂನಿನಲ್ಲಿ ಕೈ ತೊಳೆಯುವುದು ಇವಕ್ಕೆ ಬದಲಿಯಾಗಿ ಯಾವ ಡಬ್ಬಿಯೂ ಬಂದಿಲ್ಲ.

ಇಷ್ಟು ತಿಳಿದ ಮೇಲೆ ಕಷಾಯದ ಮರ್ಯಾದೆ ನನಗೆ ಕಡಿಮೆಯಾಗಿಲ್ಲ. 800 ವರ್ಷಗಳಿಗೂ ಹಿಂದೆ ನಮ್ಮ ಬಂದರಿನಿಂದ ಏಡನ್‌ಗೆ ಹೋದ ಸರಕೇ ನಮ್ಮ ಲೋಟದಲ್ಲಿದೆ ಎನ್ನುವುದು ಸಣ್ಣ ಮಾತಲ್ಲ. ಮಕ್ಕಳಿಗೆ ಕುಡಿಸುವಾಗ ಈ ಕಥೆಯನ್ನೂ ಹೇಳಿ.