ಪಡಸಾಲೆಯ ರಂಗಮಂದಿರ: ಝೆಕ್ ನಟಿ ವ್ಲಾಸ್ತಾ ಖ್ರಮೊಸ್ತೊವಾ

ರಂಗಭೂಮಿಯ ಚರಿತ್ರೆಯನ್ನು ಬರೆಯಹೊರಟವನಿಗೆ ಆಧಾರಸಾಮಗ್ರಿಯ ಕೊರತೆ ಹೊಸತಲ್ಲ. ಶಾಸನವು ಕಲ್ಲಿನಲ್ಲಿ ಉಳಿಯುತ್ತದೆ, ನಾಣ್ಯವು ನೆಲದಲ್ಲಿ ಉಳಿಯುತ್ತದೆ. ನಟನ ಅಭಿನಯವಾದರೋ ತೆರೆ ಬಿದ್ದೊಡನೆ ನೋಡಿದವರ ನೆನಪಿನಲ್ಲಲ್ಲದೆ ಬೇರೆಲ್ಲಿಯೂ ಉಳಿಯದು. ಆದರೂ ಸಾಮಾನ್ಯವಾದ ನಾಟಕಶಾಲೆಯೊಂದು ಕರಪತ್ರವನ್ನೋ, ಪತ್ರಿಕಾವಿಮರ್ಶೆಯನ್ನೋ, ಲೆಕ್ಕದ ಪುಸ್ತಕವನ್ನೋ ಹಿಂದೆ ಬಿಟ್ಟುಹೋಗುತ್ತದೆ. ಇವಾವುವೂ ಇರಬಾರದೆಂಬ ಕಟ್ಟೆಚ್ಚರದಿಂದಲೇ ನಡೆದ ಪ್ರಯೋಗಗಳನ್ನು ಕುರಿತು ಏನು ಹೇಳುವುದು? 1976ರಿಂದ ಕೆಲವು ವರ್ಷಗಳ ಕಾಲ ಪ್ರಾಗ್ ನಗರದ ವಾಸದ ಮನೆಗಳಲ್ಲಿ ನಾಟಕಗಳು ನಡೆದವು. ಟಿಕೆಟು ಇರಲಿಲ್ಲ, ಪ್ರಕಟಣೆ ಇರಲಿಲ್ಲ, ವಿಮರ್ಶೆಯ ಮಾತಂತೂ ದೂರ. ಅವುಗಳ ಕೇಂದ್ರದಲ್ಲಿದ್ದವಳು ವ್ಲಾಸ್ತಾ ಖ್ರಮೊಸ್ತೊವಾ ಎಂಬ ನಟಿ. ಈಕೆಯ ಹೆಸರು ನಮ್ಮ ವಿದ್ಯಾರ್ಥಿಗಳಿಗೆ ಅಪರಿಚಿತವಾಗಿರಬಹುದು. ಯುದ್ಧೋತ್ತರ ಮಧ್ಯ ಯೂರೋಪಿನ ಚರಿತ್ರೆಯನ್ನು ಓದುವವರು ಈಕೆಯ ಜೀವನವನ್ನು ಒಮ್ಮೆ ಅವಲೋಕಿಸಿದರೆ ನಷ್ಟವಿಲ್ಲ.

ಈಕೆಯನ್ನು ಕುರಿತು ಬರೆದವರು ಬಹುಮಟ್ಟಿಗೆ 1970ರಿಂದ ಆರಂಭಿಸುತ್ತಾರೆ. ಅಧಿಕಾರಕ್ಕೆ ಮಣಿಯದ ಕಲಾವಿದೆ, ಅದಕ್ಕಾಗಿ ರಂಗದಿಂದ ಹೊರದೂಡಲ್ಪಟ್ಟವಳು ಎಂಬ ಚಿತ್ರವನ್ನು ಕೊಡುತ್ತಾರೆ. ಚಿತ್ರ ಸುಳ್ಳಲ್ಲ, ಅರ್ಧ ಮಾತ್ರ. ಅದಕ್ಕೆ ಹಿಂದಿನ ಇಪ್ಪತ್ತು ವರ್ಷಗಳನ್ನು ಬಿಟ್ಟರೆ ಮುಂದಿನ ಇಪ್ಪತ್ತು ವರ್ಷಗಳು ತಿಳಿಯುವುದಿಲ್ಲವೆಂಬುದು ಪ್ರಕೃತ ಲೇಖಕನ ಅಭಿಪ್ರಾಯ.

ಖ್ರಮೊಸ್ತೊವಾ 1926ನೆಯ ಇಸವಿ ನವೆಂಬರ್ 17ರಂದು ಮೊರೇವಿಯದ ಮುಖ್ಯ ನಗರವಾದ ಬ್ರನೊದಲ್ಲಿ ಹುಟ್ಟಿದಳು. ಅಲ್ಲಿಯ ಸಂಗೀತ-ನಾಟಕ ವಿದ್ಯಾಲಯದಲ್ಲಿ ಶಿಕ್ಷಣ ಪಡೆದು, ಪ್ರಾಂತದ ರಂಗಮಂದಿರಗಳಲ್ಲಿ ಪಳಗಿ, 1950ರಲ್ಲಿ ಪ್ರಾಗ್ ನಗರದ ವಿನೊಹ್ರಾದಿ ರಂಗಮಂದಿರವನ್ನು ಸೇರಿದಳು. ಅದೇ ವರ್ಷ ಮಾರ್ಟಿನ್ ಫ್ರಿಚ್ ನಿರ್ದೇಶಿಸಿದ ‘ಬಲೆ’ ಎಂಬ ಚಲಚ್ಚಿತ್ರದಲ್ಲಿ, ನಾಜಿಗಳ ಆಕ್ರಮಣಕಾಲದ ಪ್ರತಿಭಟನೆಯ ಕಥೆಯಲ್ಲಿ, ಮುಖ್ಯಪಾತ್ರವನ್ನು ವಹಿಸಿದಳು. ಕಮ್ಯೂನಿಸ್ಟ್ ಪಕ್ಷ 1948ರ ಫೆಬ್ರವರಿಯಲ್ಲಿ ಅಧಿಕಾರವನ್ನು ಕೈವಶಮಾಡಿಕೊಂಡು ಎರಡೇ ವರ್ಷಗಳಾಗಿದ್ದುವು. ಹೊಸ ಸರಕಾರಕ್ಕೆ ಹೊಸ ಮುಖಗಳು ಬೇಕಾಗಿದ್ದುವು. ಇಪ್ಪತ್ತನಾಲ್ಕರ ಪ್ರಾಯದ ಈ ನಟಿಗೆ ಬಾಗಿಲುಗಳು ತೆರೆದುಕೊಂಡವು. ಮುಂದಿನ ಎರಡು ದಶಕ ಈಕೆ ವಿನೊಹ್ರಾದಿಯ ಪ್ರಮುಖ ನಟಿಯರಲ್ಲಿ ಒಬ್ಬಳಾಗಿದ್ದಳು.

ಈ ಅವಧಿಗೇ ಸೇರಿದ ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ. 1950ರ ದಶಕದಲ್ಲಿ ಖ್ರಮೊಸ್ತೊವಾ ಗುಪ್ತ ಪೋಲೀಸು ಇಲಾಖೆಯ ಮಾಹಿತಿದಾರಳಾಗಿದ್ದಳು. ಇದನ್ನು ವಿರೋಧಿಗಳ ಅಪವಾದವೆಂದು ತಳ್ಳಿಹಾಕುವಂತಿಲ್ಲ. ಸ್ವಾತಂತ್ರ್ಯ ಮರಳಿ ಬಂದ ಮೇಲೆ ಈಕೆ ತನ್ನ ಆತ್ಮಕಥನದಲ್ಲಿ ತಾನೇ ಒಪ್ಪಿಕೊಂಡ ವಿಷಯ. ಆ ಕಾಲದಲ್ಲಿ ಇಂಥ ಸಂಬಂಧಕ್ಕೆ ಸಿಕ್ಕಿಬಿದ್ದವರು ಹಲವರು. ಅಂಜಿಕೆಯಿಂದ ಸೇರಿದವರುಂಟು, ನಂಬಿಕೆಯಿಂದ ಸೇರಿದವರೂ ಉಂಟು. ತಾವಾಗಿ ಹೇಳಿಕೊಂಡವರು ಕಡಮೆ. ಚರಿತ್ರಕಾರನು ಇದನ್ನು ಮುಚ್ಚಬಾರದು. ಇದೊಂದನ್ನೇ ಹಿಡಿದು ತೀರ್ಪನ್ನೂ ಕೊಡಬಾರದು. ಆದರೆ ಇದನ್ನು ಕಣ್ಣಮುಂದೆ ಇಟ್ಟುಕೊಳ್ಳದೆ ಮುಂದಿನದನ್ನು ಓದಿದರೆ, ಈಕೆ ಕಳೆದುಕೊಂಡದ್ದು ಏನು, ಯಾವುದರಿಂದ ಬಿಡಿಸಿಕೊಂಡು ಹೊರಗೆ ಬಂದಳು ಎಂಬುದರ ಅಳತೆ ಸಿಕ್ಕುವುದಿಲ್ಲ.

1968ರ ವಸಂತದಲ್ಲಿ ಅಲೆಕ್ಸಾಂಡರ್ ದುಬ್‌ಚೆಕ್ಕನ ನೇತೃತ್ವದಲ್ಲಿ ನಡೆದ ಸುಧಾರಣೆಗಳೂ ಆಗಸ್ಟ್ 21ರಂದು ವಾರ್ಸಾ ಒಪ್ಪಂದದ ಸೇನೆಗಳು ನುಗ್ಗಿ ಅವನ್ನು ಮುರಿದದ್ದೂ ಎಲ್ಲರೂ ಬಲ್ಲ ವಿಷಯ. ಈ ಏರಿಳಿತದ ನಡುವೆಯೇ ಖ್ರಮೊಸ್ತೊವಾಳ ಎರಡು ಶ್ರೇಷ್ಠ ಚಿತ್ರಗಳು ತಯಾರಾದವು. ಮೊದಲನೆಯದು ಲಾದಿಸ್ಲಾವ್ ಫುಕ್ಸನ ಕಾದಂಬರಿಯನ್ನು ಆಧರಿಸಿ ಯುರಾಯ್ ಹೆರ್ಟ್ಸನು ನಿರ್ದೇಶಿಸಿದ ‘ಶವದಾಹಕ’. 1930ರ ದಶಕದ ಕೊನೆಯ ಪ್ರಾಗ್. ಶವದಹನಾಗಾರದ ನೌಕರನಾದ ಕೊಪ್‌ಫ್ರ್‌ಕಿಂಗಲ್ ಎಂಬಾತ ಸಾಧುವಾದ ಕುಟುಂಬಸ್ಥ. ನಾಜಿಗಳ ಕಾಲ ಸಮೀಪಿಸಿದಂತೆ ಆತ ನಯವಾದ ಮಾತನ್ನಾಡುತ್ತಲೇ ಕೊಲೆಗಾರನಾಗುತ್ತಾನೆ. ಹೆಂಡತಿಯಲ್ಲಿ ಯೆಹೂದ್ಯ ರಕ್ತವಿದೆಯೆಂದು ಆಕೆಯನ್ನೇ ನೇಣಿಗೆ ಏರಿಸುತ್ತಾನೆ. ಅವನ ಪಾತ್ರ ರುಡಾಲ್ಫ್ ಹ್ರುಶೀನ್ಸ್ಕಿಯದು, ಹೆಂಡತಿಯ ಪಾತ್ರ ಖ್ರಮೊಸ್ತೊವಾಳದು. ಪತಿಯು ಈಕೆಯನ್ನು ‘ಲಾಕ್ಮೆ’ ಎಂದು ಕರೆಯುತ್ತಾನೆ. ಇದು ಭಾರತದ ಬ್ರಾಹ್ಮಣಕನ್ಯೆಯೊಬ್ಬಳ ಕಥೆಯುಳ್ಳ ಫ್ರೆಂಚ್ ಗೀತನಾಟಕದ ನಾಯಿಕೆಯ ಹೆಸರು, ನಮ್ಮ ಲಕ್ಷ್ಮಿಯ ಅಪಭ್ರಂಶ. ಟಿಬೆಟ್ಟಿನ ಪುನರ್ಜನ್ಮವಾದವನ್ನು ಅರೆಬರೆ ಓದಿಕೊಂಡು, ಕೊಲೆಯನ್ನು ಆತ್ಮದ ಬಿಡುಗಡೆಯೆಂದು ತಿಳಿಯುವ ಆ ಮನುಷ್ಯನ ಬಾಯಲ್ಲಿ ಪೌರ್ವಾತ್ಯವಾದ ಈ ಹೆಸರು ಕೇಳಿಬಂದಾಗ ಭಾರತೀಯ ಪ್ರೇಕ್ಷಕನಿಗೆ ಕಸಿವಿಸಿಯಾದೀತು. ಹೆಂಡತಿಯ ಪಾತ್ರಕ್ಕೆ ಮಾತು ಕಡಮೆ. ಗಂಡನ ವಾಕ್ಪ್ರವಾಹದ ಎದುರಿಗೆ ಈಕೆ ಮುಖಭಾವದಿಂದಲೇ ಉತ್ತರ ಕೊಡಬೇಕು. ನಟನೆಯ ಕಷ್ಟವಿರುವುದು ಅಲ್ಲಿಯೇ. ಚಿತ್ರೀಕರಣದ ಮಧ್ಯದಲ್ಲಿ ಸೋವಿಯೆಟ್ ಟ್ಯಾಂಕುಗಳು ಬಂದವು. ಚಿತ್ರವು 1969ರಲ್ಲಿ ಬಿಡುಗಡೆಯಾಯಿತಾದರೂ ಕೆಲಕಾಲದಲ್ಲಿಯೇ ಹಿಂದಕ್ಕೆ ತೆಗೆದುಕೊಳ್ಳಲ್ಪಟ್ಟು ಎರಡು ದಶಕ ಮರೆಯಾಯಿತು.

ಎರಡನೆಯದು ‘ಶವಸಂಸ್ಕಾರ’. ಏವಾ ಕಾಂತೂರ್ಕೊವಾಳ ಕಾದಂಬರಿ, ಜ್ದೆನೆಕ್ ಸಿರೋವಿಯ ನಿರ್ದೇಶನ. ಕೃಷಿಯ ಸಾಮೂಹಿಕೀಕರಣದ ಕಾಲದಲ್ಲಿ ಹಳ್ಳಿಯಿಂದ ಹೊರಹಾಕಲ್ಪಟ್ಟ ರೈತನೊಬ್ಬ ಸತ್ತಿದ್ದಾನೆ. ಅವನ ವಿಧವೆಯಾದ ಮಟಿಲ್ಡಾ ಗಂಡನನ್ನು ಹುಟ್ಟೂರಿನ ನೆಲದಲ್ಲಿಯೇ ಹೂಳಬೇಕೆಂದು ಹಟ ಹಿಡಿಯುತ್ತಾಳೆ. ಊರಿನ ಅಧಿಕಾರಿಗಳು ಅಡ್ಡಬರುತ್ತಾರೆ. ಬೇರೆ ಕಥೆಯೇನೂ ಇಲ್ಲ. ಹೆಣವೊಂದು ಯಾವ ಮಣ್ಣಿಗೆ ಸೇರಬೇಕೆಂಬ ಪ್ರಶ್ನೆಯೊಂದರಿಂದಲೇ ಹತ್ತು ವರ್ಷಗಳ ಅನ್ಯಾಯವೆಲ್ಲ ಮೇಲೆ ಬರುತ್ತದೆ. ವಿಧವೆಯ ಪಾತ್ರವನ್ನು ವಹಿಸಿದ ಖ್ರಮೊಸ್ತೊವಾ ಅಲ್ಲಿ ಎಲ್ಲಿಯೂ ಕಣ್ಣೀರಿಗೆ ಆಶ್ರಯ ಕೊಡದೆ, ಹಟವೊಂದನ್ನೇ ಬಂಡವಾಳವಾಗಿ ಮಾಡಿಕೊಂಡಿದ್ದಾಳೆ. ಚಿತ್ರವು 1969ರಲ್ಲಿ ಮುಗಿಯಿತು. ಜನ ಅದನ್ನು ನೋಡಿದ್ದು 1989ರ ಕ್ರಾಂತಿಯ ತರುವಾಯ.

‘ಶವದಾಹಕ’ದ ಛಾಯಾಗ್ರಾಹಕನಾದ ಸ್ತಾನಿಸ್ಲಾವ್ ಮಿಲೊಟಾ ಈಕೆಯ ಪತಿ. ಆಕ್ರಮಣವನ್ನು ಪ್ರತಿಭಟಿಸಿ ಮೈಗೆ ಬೆಂಕಿ ಹಚ್ಚಿಕೊಂಡು 1969ರ ಜನವರಿ 19ರಂದು ತೀರಿಕೊಂಡ ಯಾನ್ ಪಲಾಖ್ ಎಂಬ ವಿದ್ಯಾರ್ಥಿಯ ಅಂತ್ಯಯಾತ್ರೆಯನ್ನು ಚಿತ್ರಿಸಿಟ್ಟವನೂ ಆತನೇ. ಪಕ್ಷದ ಹೊಸ ನಾಯಕರು ‘ಸಹಜಸ್ಥಿತಿಯ ಸ್ಥಾಪನೆ’ ಎಂದು ಕರೆದ ಕಾಲದಲ್ಲಿ ಇಂಥವರಿಗೆ ಎಡೆಯಿರಲಿಲ್ಲ. ಮಿಲೊಟಾ ಚಿತ್ರೋದ್ಯಮದಿಂದ ಹೊರಗಾದನು. ಖ್ರಮೊಸ್ತೊವಾ 1970ರಲ್ಲಿ ವಿನೊಹ್ರಾದಿಯನ್ನು ಬಿಟ್ಟು ಒತೊಮಾರ್ ಕ್ರೇಯ್ಚಾನ ‘ಬಾಗಿಲಾಚೆಯ ರಂಗಮಂದಿರ’ವನ್ನು ಸೇರಿದಳು. 1972ರಲ್ಲಿ ಸರಕಾರ ಆ ರಂಗಮಂದಿರವನ್ನೇ ಮುಚ್ಚಿತು. ಚಿತ್ರ, ಆಕಾಶವಾಣಿ, ದೂರದರ್ಶನಗಳೂ ಕೈತಪ್ಪಿದುವು. ನಲವತ್ತಾರರ ವಯಸ್ಸು ನಟಿಯೊಬ್ಬಳ ಶಕ್ತಿ ಮಾಗುವ ಕಾಲ; ಈಕೆಯ ಪಾಲಿಗೆ ಅದು ಅಭಿನಯಿಸಲು ಸ್ಥಳವೇ ಇಲ್ಲದ ಕಾಲವಾಯಿತು.

ಸ್ಥಳವನ್ನು ಈಕೆ ತನ್ನ ಮನೆಯಲ್ಲಿಯೇ ಕಂಡುಕೊಂಡಳು. 1976ರಲ್ಲಿ ಕವಿ ಯಾರೊಸ್ಲಾವ್ ಸೈಫರ್ಟನ ಸ್ಮೃತಿಗ್ರಂಥದಿಂದ ಭಾಗಗಳನ್ನು ಆಯ್ದು ಸ್ನೇಹಿತರ ಮುಂದೆ ಅಭಿನಯಪೂರ್ವಕವಾಗಿ ಓದಿದಳು. ಗ್ರಂಥ ಆಗ ಇನ್ನೂ ಅಚ್ಚಾಗಿರಲಿಲ್ಲ. ಸೈಫರ್ಟನಿಗೆ ನೊಬೆಲ್ ಪಾರಿತೋಷಕ ಬಂದದ್ದು 1984ರಲ್ಲಿ. ಹೀಗೆ ‘ಮನೆಯ ರಂಗಮಂದಿರ’ ಆರಂಭವಾಯಿತು. ಕುಳಿತವರಿಗೂ ನಟಿಗೂ ನಡುವೆ ಕೆಲವು ಅಡಿಗಳ ಅಂತರವಿದ್ದೀತು. ದೊಡ್ಡ ರಂಗದ ಮೇಲೆ ಕೊನೆಯ ಸಾಲಿಗೂ ಮುಟ್ಟುವಂತೆ ಧ್ವನಿ ಎತ್ತಿ ಬಂದವಳಿಗೆ ಇಲ್ಲಿ ಆ ವಿದ್ಯೆ ಉಪಯೋಗವಿಲ್ಲ.

ಮರುವರ್ಷದ ಜನವರಿಯಲ್ಲಿ ‘ಚಾರ್ಟರ್ 77’ ಹೊರಬಂದಿತು. ಸರಕಾರ ತಾನೇ ಸಹಿಮಾಡಿದ ಮಾನವಹಕ್ಕಿನ ಒಪ್ಪಂದಗಳನ್ನು ಪಾಲಿಸಲಿ ಎಂದು ಕೇಳಿದ ಆ ಮನವಿಗೆ ಮೊದಲು ಸಹಿ ಹಾಕಿದವರಲ್ಲಿ ಖ್ರಮೊಸ್ತೊವಾಳೂ ಒಬ್ಬಳು. ಅದೇ ತಿಂಗಳು 28ರಂದು ನಡೆದ ಘಟನೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಪ್ರಾಗ್ ನಗರದ ರಾಷ್ಟ್ರೀಯ ರಂಗಮಂದಿರ 19ನೆಯ ಶತಮಾನದಲ್ಲಿ ಜನ ಕಾಸುಕಾಸು ಕೂಡಿಸಿ ಕಟ್ಟಿಸಿದ್ದು. ಝೆಕ್ ಭಾಷಿಕರಿಗೆ ದೇವಸ್ಥಾನದಷ್ಟು ಪವಿತ್ರವಾದದ್ದು. ಅಲ್ಲಿ ದೇಶದ ಪ್ರಸಿದ್ಧ ಕಲಾವಿದರನ್ನು ಕೂಡಿಸಿ ಚಾರ್ಟರನ್ನು ಖಂಡಿಸುವ ಘೋಷಣೆಯನ್ನು ಮಾಡಿಸಲಾಯಿತು. ಘೋಷಣೆಯನ್ನು ಓದಿದವಳು ಯಿರ್ಜಿನಾ ಷ್ವೊರ್ಟ್ಸೊವಾ; ವಿನೊಹ್ರಾದಿ ರಂಗಮಂದಿರದವಳೇ, ಖ್ರಮೊಸ್ತೊವಾಳ ಹಳೆಯ ಸಹೋದ್ಯೋಗಿ. ಸಹಿಮಾಡಿದವರ ಹೆಸರುಗಳು ಪಕ್ಷದ ಪತ್ರಿಕೆಯಲ್ಲಿ ದಿನದಿನವೂ ಅಚ್ಚಾದವು. ಅವರಲ್ಲಿ ಎಷ್ಟೋ ಮಂದಿ ತಾವು ಖಂಡಿಸುತ್ತಿದ್ದ ಚಾರ್ಟರನ್ನು ಓದಿಯೇ ಇರಲಿಲ್ಲ, ಅದನ್ನು ಪ್ರಕಟಿಸಲು ಅಪ್ಪಣೆಯೇ ಇರಲಿಲ್ಲವಾಗಿ. ಅವರ ಮೇಲೆ ಕಲ್ಲು ಹೊರಿಸುವುದು ಸುಲಭ. ಸಂಬಳ ನಿಂತರೆ ಮನೆ ನಡೆಯದು, ಮಕ್ಕಳಿಗೆ ಕಾಲೇಜಿನಲ್ಲಿ ಸ್ಥಳ ಸಿಕ್ಕದು ಎಂಬುದನ್ನು ಮರೆಯಬಾರದು. ಚಾರ್ಟರಿನ ವಕ್ತಾರರಲ್ಲೊಬ್ಬನಾದ ತತ್ತ್ವಶಾಸ್ತ್ರಜ್ಞ ಯಾನ್ ಪಾತೊಚ್ಕಾ ದೀರ್ಘ ವಿಚಾರಣೆಗಳ ತರುವಾಯ ಮಾರ್ಚ್ 13ರಂದು ತೀರಿಕೊಂಡನು. ಅವನ ಅಂತ್ಯಕ್ರಿಯೆಯ ಮಾತುಗಳು ಕೇಳಿಸದಂತೆ ಪೋಲೀಸರು ಶ್ಮಶಾನದ ಮೇಲೆ ಹೆಲಿಕಾಪ್ಟರನ್ನು ಹಾರಿಸಿದರು. ‘ಶವಸಂಸ್ಕಾರ’ದ ಕಥೆ ಕಲ್ಪನೆಯಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

1978ರಲ್ಲಿ ‘ಮ್ಯಾಕ್‌ಬೆತ್’. ಷೇಕ್ಸ್‌ಪಿಯರನ ನಾಟಕವನ್ನು ಪಾವೆಲ್ ಕೊಹೌಟನು ಸಂಕ್ಷೇಪಿಸಿದನು. ಪಾವೆಲ್ ಲಾಂಡೋವ್ಸ್ಕಿ ಮ್ಯಾಕ್‌ಬೆತ್. ಖ್ರಮೊಸ್ತೊವಾ ಅವನ ಹೆಂಡತಿ. ಇಬ್ಬರೂ ರಂಗದಿಂದ ನಿಷಿದ್ಧರು. ನಟರು ಐವರು, ಸಾಮಾನು ಒಂದು ಪೆಟ್ಟಿಗೆ. ಕರೆದವರ ಮನೆಗೆ ಹೋಗಿ ಆಡುವುದು. ಇದಕ್ಕಾಗಿ ಎಂಟು ವಾರಗಳ ತಾಲೀಮು ನಡೆಸಿದ್ದರು. ಈ ಮಾತು ಮುಖ್ಯ. ಮನೆಯ ರಂಗಮಂದಿರವನ್ನು ಬರಿಯ ರಾಜಕೀಯ ಪ್ರತಿಭಟನೆಯೆಂದು ಬರೆಯುವವರು ಇದನ್ನು ಗಮನಿಸಿದಂತೆ ತೋರುವುದಿಲ್ಲ. ಪ್ರತಿಭಟನೆಯಷ್ಟೇ ಉದ್ದೇಶವಾಗಿದ್ದರೆ ಅಷ್ಟು ತಾಲೀಮು ಬೇಕಿರಲಿಲ್ಲ. ನಾಟಕವಾಡದೆ ಬದುಕಲಾರದವರು ಇವರು. ಅಕ್ರಮವಾಗಿ ಸಿಂಹಾಸನವೇರಿದ ದೊರೆಯ ಕಥೆಯನ್ನು ಆರಿಸಿಕೊಂಡದ್ದರ ಇಂಗಿತವನ್ನಂತೂ ಆ ಪ್ರೇಕ್ಷಕರಿಗೆ ವಿವರಿಸಬೇಕಾಗಿರಲಿಲ್ಲ.

ಕೊಹೌಟನು ಈ ಪ್ರಯೋಗದ ವಿಷಯವನ್ನು ಟಾಮ್ ಸ್ಟಾಪರ್ಡನಿಗೆ ಪತ್ರದಲ್ಲಿ ತಿಳಿಸಿದನು. ಮೊರೇವಿಯದ ಜ್ಲೀನಿನಲ್ಲಿ ಹುಟ್ಟಿ, ಯುದ್ಧಕಾಲದಲ್ಲಿ ನಮ್ಮ ಡಾರ್ಜಿಲಿಂಗಿನಲ್ಲಿ ಓದಿ, ಇಂಗ್ಲಿಷಿನ ನಾಟಕಕಾರನಾದ ಸ್ಟಾಪರ್ಡನು 1979ರಲ್ಲಿ ಅದರಿಂದಲೇ ‘ಕಹೂಟ್ಸ್ ಮ್ಯಾಕ್‌ಬೆತ್’ ಎಂಬ ನಾಟಕವನ್ನು ಬರೆದನು: ಮನೆಯೊಳಗೆ ನಾಟಕ ನಡೆಯುತ್ತಿರುವಾಗ ಪೋಲೀಸು ಅಧಿಕಾರಿ ಬಾಗಿಲು ತಟ್ಟುತ್ತಾನೆ. ಹೀಗೆ ಪಡಸಾಲೆಯ ಪ್ರಯೋಗ ಲೋಕದ ರಂಗಭೂಮಿಯನ್ನು ಮುಟ್ಟಿತು. ಆದರೆ ಅದನ್ನಾಡಿದವರು ಚದರಿಹೋದರು. ಕೊಹೌಟನು 1978ರ ಶರತ್ಕಾಲದಲ್ಲಿ ಆಸ್ಟ್ರಿಯಕ್ಕೆ ಹೋದವನು ಮರುವರ್ಷ ಹಿಂದಿರುಗಿದಾಗ ಗಡಿಯಲ್ಲಿಯೇ ತಡೆಯಲ್ಪಟ್ಟನು. ಲಾಂಡೋವ್ಸ್ಕಿಯೂ ವಿಯೆನ್ನಾ ಸೇರಿದನು. ಖ್ರಮೊಸ್ತೊವಾ ಹೋಗಲಿಲ್ಲ.

ಅನಂತರದ ಪ್ರಯೋಗ ಫ್ರಾಂಟಿಶೆಕ್ ಪಾವ್ಲೀಚೆಕ್ ಬರೆದದ್ದು. 19ನೆಯ ಶತಮಾನದ ಲೇಖಕಿ ಬೊಜೆನಾ ನೆಮ್ಟ್ಸೊವಾಳನ್ನು ಕುರಿತದ್ದು. ಆ ಲೇಖಕಿ ಬಡತನದಲ್ಲಿ ಬೆಂದು 1862ರಲ್ಲಿ ಸತ್ತಳು. ಸತ್ತ ಮೇಲೆ ದೇಶಾಭಿಮಾನಿಗಳು ವೈಭವದಿಂದ ಮಣ್ಣುಮಾಡಿದರು. ನಾಟಕದ ಉಪಶೀರ್ಷಿಕೆ ‘ಬೊಹೀಮಿಯದಲ್ಲಿ ಹೂಳುವ ಬಗೆಯ ವರದಿ’. ದಹನಾಗಾರದ ಚಿತ್ರ, ವಿಧವೆಯ ಚಿತ್ರ, ಈಗ ಈ ವರದಿ: ಹತ್ತು ವರ್ಷಗಳ ಅವಧಿಯಲ್ಲಿ ಒಂದೇ ವಿಷಯ ಮೂರು ಸಲ ಈಕೆಯ ಬಳಿಗೆ ಬಂದಿತು. ಯೋಜನೆಯಿಂದ ಬಂದದ್ದಲ್ಲ; ಸತ್ತವರನ್ನು ಬಹಿರಂಗವಾಗಿ ನೆನೆಯುವುದೇ ಅಪರಾಧವಾದ ನಾಡಿನಲ್ಲಿ ಬೇರೆ ವಿಷಯ ಸಿಕ್ಕುವುದೂ ಕಷ್ಟವಾಗಿದ್ದೀತು.

ಈ ಪ್ರಯೋಗವನ್ನು ಮಿಲೊಟಾ ಕ್ಯಾಮೆರಾದಲ್ಲಿ ಸೆರೆಹಿಡಿದನು. ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಇದೊಂದು ಉತ್ತರ. ಎರಡನೆಯದು ಅಲ್ಲಿದ್ದವರ ಸ್ಮರಣೆ, ಪತ್ರಗಳು. ಮೂರನೆಯದು ಪೋಲೀಸರ ದಫ್ತರ. ಈಕೆಯ ಮನೆಯ ಮೇಲೆ ಅವರ ಕಣ್ಣಿತ್ತು. ಬಂದವರನ್ನು ವಿಚಾರಣೆಗೆ ಕರೆಯುತ್ತಿದ್ದರು. ಮೊದಲು ಈಕೆ ಬೇರೆಯವರ ವಿಷಯ ಹೇಳಿದ್ದೂ ಆ ಇಲಾಖೆಗೇ, ಅನಂತರ ಈಕೆಯ ವಿಷಯವನ್ನು ಸಂಗ್ರಹಿಸಿದ್ದೂ ಆ ಇಲಾಖೆಯೇ. ದಫ್ತರವನ್ನು ಬಿಚ್ಚುವ ಸಂಶೋಧಕನು ಎರಡು ಕಡೆಯೂ ತಾರೀಖನ್ನು ಮೊದಲು ನೋಡಬೇಕು. ಕೊಹೌಟನೂ 1950ರ ಸುಮಾರಿನಲ್ಲಿ ಪಕ್ಷದ ಉತ್ಸಾಹೀ ಕವಿಯಾಗಿದ್ದವನೇ. ಆ ಪಡಸಾಲೆಯಲ್ಲಿ ಸೇರಿದವರೆಲ್ಲ ಮೊದಲಿಂದಲೂ ಹೊರಗಿದ್ದವರಲ್ಲ. ಒಳಗಿದ್ದು, ಕಂಡು, ಹೊರಗೆ ಬಂದವರೂ ಇದ್ದರು. ಇದನ್ನು ಬಿಟ್ಟು ಬರೆದ ಚರಿತ್ರೆ ಅವರಿಗೆ ಗೌರವವನ್ನು ಹೆಚ್ಚಿಸುವುದಿಲ್ಲ.

1989ರ ನವೆಂಬರಿನಲ್ಲಿ ಸರಕಾರ ಉರುಳಿದಾಗ ಖ್ರಮೊಸ್ತೊವಾಳಿಗೆ ಅರುವತ್ತಮೂರು ವರ್ಷ. ಆಮೇಲೆ ರಾಷ್ಟ್ರೀಯ ರಂಗಮಂದಿರ ಈಕೆಯನ್ನು ಕರೆಯಿತು. 1977ರಲ್ಲಿ ಈಕೆ ಸೇರಿದ್ದ ಪಕ್ಷವನ್ನು ಖಂಡಿಸಿದ ಆ ಕಟ್ಟಡದಲ್ಲಿಯೇ ಈಕೆ ಮತ್ತೆ ಬಣ್ಣ ಹಚ್ಚಿದಳು. ವಾಕ್ಲಾವ್ ಹಾವೆಲ್ಲನು ರಾಷ್ಟ್ರಾಧ್ಯಕ್ಷತೆಯಿಂದ ನಿವೃತ್ತನಾದ ಮೇಲೆ ತನ್ನ ‘ನಿರ್ಗಮನ’ ನಾಟಕವನ್ನು 2011ರಲ್ಲಿ ತಾನೇ ಚಲಚ್ಚಿತ್ರವಾಗಿ ನಿರ್ದೇಶಿಸಿದಾಗ ಅದರಲ್ಲಿ ಅಜ್ಜಿಯ ಪಾತ್ರವನ್ನು ವಹಿಸಿದವಳೂ ಈಕೆಯೇ. ಆಗ ಎಂಬತ್ತೈದರ ಹತ್ತಿರದ ವಯಸ್ಸು. ಮಿಲೊಟಾ 2019ರ ಫೆಬ್ರವರಿಯಲ್ಲಿ ತೀರಿಕೊಂಡನು. ಅದೇ ವರ್ಷ ಅಕ್ಟೋಬರ್ 6ರಂದು ಪ್ರಾಗ್ ನಗರದಲ್ಲಿ ಖ್ರಮೊಸ್ತೊವಾ ತೀರಿಕೊಂಡಳು.